ಹೆಣ್ಣಾಳು, ಗಂಡಾಳು ಮತ್ತು ನಮ್ಮ ವಿಮರ್ಶೆ

ಹರಿಹರಕ್ಕೆ ಹೊಂದಿಕೊಂಡಿರುವ ಗುತ್ತೂರಿನ ಕಡೆ ಭತ್ತದ ನಾಟಿ ಶುರುವಾಯಿತೆಂದರೆ ಕೇರಿಯಲ್ಲಿ ಬೆಳಗಾಗುವ ಮೊದಲೇ ಒಂದು ಲೆಕ್ಕ ಕೇಳಿಸುತ್ತದೆ. ‘ಹೆಣ್ಣಾಳು ಹತ್ತು ಬೇಕಂತೆ, ಗಂಡಾಳು ಎರಡು ಸಾಕಂತೆ.’ ದಿನಾ ಆಡುವ ಈ ಎರಡು ಪದಗಳ ಬಗ್ಗೆ ನಾವು ಯೋಚಿಸುವುದೇ ಇಲ್ಲ. ಗದ್ದೆಯ ಒಡೆಯನ ಹೆಂಡತಿಯನ್ನು ಯಾರೂ ಹೆಣ್ಣಾಳು ಅನ್ನುವುದಿಲ್ಲ. ಆಕೆ ಗೌಡಶಾನಿ, ದೊಡ್ಡಮನೆ ಹೆಣ್ಣುಮಗಳು. ಆಕೆ ಬಿಸಿಲಿಗೆ ಬಂದರೆ ಮನೆತನದ ಮಾನ ಹೋಗುತ್ತದೆ. ಇವಳು ಬಿಸಿಲಿಗೆ ಬರದಿದ್ದರೆ ಒಲೆ ಹತ್ತುವುದಿಲ್ಲ. ಒಂದೇ ಬದುವಿನ ಆಚೆ ಈಚೆ ಎರಡು ಹೆಣ್ತನಗಳಿವೆ.

ಗಂಡಾಳಿನ ಕಥೆಯೂ ಹೀಗೆಯೇ. ಅವನಿಗೆ ಹೆಣ್ಣಾಳಿಗಿಂತ ಕೂಲಿ ಹೆಚ್ಚು. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದರೂ ಗದ್ದೆಯ ಬದುವಿನ ಮೇಲೆ ಅದು ಕಾಲಿಟ್ಟದ್ದು ಕಡಿಮೆ. ಕೇಳಿದರೆ, ‘ಅವನದು ಭಾರದ ಕೆಲಸ ಕಣ್ರೀ’ ಅನ್ನುತ್ತಾರೆ. ದಿನವಿಡೀ ಕೆಸರಲ್ಲಿ ಬೆನ್ನು ಬಗ್ಗಿಸಿ ಸಸಿ ಹಚ್ಚುವುದು ಹಗುರದ ಕೆಲಸವಂತೆ! ಆದರೆ ಈ ಹೆಚ್ಚಿನ ಕೂಲಿಯ ಗಂಡಸು ಬದುವಿನ ಮೇಲೆ ಎಷ್ಟು ಗಂಡಸು? ಅರವತ್ತು ದಾಟಿದ ನಮ್ಮ ತಾತಂದಿರನ್ನು ಊರಿನ ಮೀಸೆ ಬಾರದ ಹುಡುಗರು ‘ಏನ್ಲೇ, ಬಾರಲೇ’ ಅಂದದ್ದನ್ನು ಕೇಳಿಕೊಂಡೇ ನಾವು ಬೆಳೆದವರು. ಕೇರಿಯ ಗಂಡಸಿಗೆ ಗಂಡುತನ ಹೆಂಡತಿಯ ಮುಂದೆ ಮಾತ್ರ ಸಿಕ್ಕುತ್ತದೆ. ಊರ ಮುಂದೆ ಅದನ್ನು ಚಪ್ಪಲಿಯ ಹಾಗೆ ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತು.

ಹೆಣ್ಣು ಹುಟ್ಟುವಾಗಲೇ ಹೆಣ್ಣಾಗಿರುವುದಿಲ್ಲ, ಸಮಾಜ ಆಕೆಯನ್ನು ಹಾಗೆ ತಿದ್ದುತ್ತದೆ ಎಂಬ ತಿಳಿವನ್ನು 1949ರಲ್ಲಿ ಸಿಮೊನ್ ದ ಬೋವಾ ವಿಸ್ತಾರವಾಗಿ ಮಂಡಿಸಿದರು. ನಮ್ಮ ಸ್ತ್ರೀವಾದಿಗಳೂ ಇದನ್ನು ಹೇಳುತ್ತಾ ಬಂದಿದ್ದಾರೆ. ಒಪ್ಪೋಣ. ಆದರೆ ನಮ್ಮ ಊರುಗಳಲ್ಲಿ ಈ ಪಾಠ ಹೇಳುವ ಮೇಷ್ಟ್ರು ಜಾತಿ. ಜಾತಿ ಒಬ್ಬೊಬ್ಬರಿಗೆ ಒಂದೊಂದು ಪಾಠ ಹೇಳುತ್ತದೆ. ಅಂಬೇಡ್ಕರ್ ಇದನ್ನು ಬಹಳ ಹಿಂದೆಯೇ ಕಂಡಿದ್ದರು. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದ ಪ್ರಬಂಧದಲ್ಲಿ ಅವರು ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಈ ಮೂರನ್ನೂ ಒಳಜಾತಿ ಮದುವೆಯನ್ನು ಕಾಯುವ ಬೇಲಿಗಳೆಂದು ವಿವರಿಸಿದರು. ಹೆಣ್ಣನ್ನು ಹಿಡಿದಿಡದೆ ಜಾತಿ ನಿಲ್ಲುವುದಿಲ್ಲ. ಹಾಗಾದರೆ ಹೆಣ್ತನ ಎಂದು ಹಾಡಿ ಹೊಗಳುವ ಲಜ್ಜೆ, ತಾಳ್ಮೆ, ಹೊಸಿಲು ಇವೆಲ್ಲ ಯಾವ ಬೇಲಿಯ ಗೂಟಗಳು ಎಂದು ವಿಮರ್ಶೆ ಕೇಳಲೇಬೇಕು.

ಕನ್ನಡ ವಿಮರ್ಶೆ ಇದನ್ನು ಸಾಕಷ್ಟು ಕೇಳಿಲ್ಲ. ನವ್ಯರ ಮುಖ್ಯ ಕೃತಿಯಾದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965)ವನ್ನೇ ನೋಡಿ. ಅಗ್ರಹಾರದ ಹೆಂಡಿರು ಬತ್ತಿಹೋದವರು. ಚೆಲುವು, ಬಿಸಿ, ಕಾಮ ಎಲ್ಲವೂ ಚಂದ್ರಿಗೆ ಮತ್ತು ಹೊಲಗೇರಿಯ ಬೆಳ್ಳಿಗೆ. ಬ್ರಾಹ್ಮಣ್ಯವನ್ನು ಒಳಗಿನಿಂದ ಅಲುಗಿಸಿದ ಕೃತಿ ಎಂದು ನಾವೂ ಇದನ್ನು ಮೆಚ್ಚಿ ಓದಿದವರೇ. ಆದರೆ ಕೆಳಜಾತಿಯ ಹೆಣ್ಣು ಅಲ್ಲಿ ಬರುವುದು ಮೇಲ್ಜಾತಿ ಗಂಡಸಿನ ಬಿಡುಗಡೆಗೆ ಮೆಟ್ಟಿಲಾಗಿ. ಇನ್ನೊಂದು ಸಂಗತಿಯನ್ನು ನಮ್ಮ ವಿಮರ್ಶಕರು ಅಷ್ಟಾಗಿ ಗಮನಿಸಿಲ್ಲ. ಕೇರಿಗೆ ಇಲಿಗಳು ಬಂದು ಬಿದ್ದು ಸಾಯುತ್ತಿವೆ, ಜನವೂ ಸಾಯುತ್ತಿದ್ದಾರೆ ಎಂಬ ಸುದ್ದಿಯನ್ನು ಬೆಳ್ಳಿ ಶ್ರೀಪತಿಗೆ ಹೇಳುತ್ತಾಳೆ. ಅವನಿಗೆ ಅವಳ ಮೈ ಬೇಕು, ಮಾತು ಬೇಡ. ಇಡೀ ಅಗ್ರಹಾರ ಶವಸಂಸ್ಕಾರದ ಶಾಸ್ತ್ರ ಹುಡುಕುತ್ತಿರುವಾಗ ಪ್ಲೇಗಿನ ಸುಳಿವು ಇದ್ದದ್ದು ಈ ಹುಡುಗಿಯ ಬಾಯಲ್ಲಿ! ಲೇಖಕರು ಆ ಮಾತನ್ನು ಬರೆದಿದ್ದಾರೆ. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದ ವಿಮರ್ಶೆಯೂ ಶ್ರೀಪತಿಯ ಹಾಗೆಯೇ ಬೆಳ್ಳಿಯ ಮೈಯನ್ನಷ್ಟೇ ನೋಡಿ ಹೋಯಿತು.

ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ ಬಂದಾಗ ಈ ಅಳತೆಗೋಲು ಮುರಿಯಿತು. ಅವಳು ಮೋಹಕಳೂ ಅಲ್ಲ, ತ್ಯಾಗಮಯಿಯೂ ಅಲ್ಲ. ಕಳೆದುಹೋದ ಹುಂಜಕ್ಕಾಗಿ ಹಾದಿಬೀದಿ ಹುಡುಕುತ್ತಾಳೆ, ಬೈಯುತ್ತಾಳೆ, ಮನೆಯ ಯಜಮಾನಿಕೆ ನನ್ನದೆನ್ನುತ್ತಾಳೆ. ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯಿಡೀ ಮನೆಮಂದಿಯೆಲ್ಲ ಕೂತು ತಿನ್ನುವಾಗ ಹೆಣ್ಣು ಮೊದಲೋ ಗಂಡು ಮೊದಲೋ ಎಂಬ ಸಾಲೇ ಅಲ್ಲಿಲ್ಲ. ಹಸಿವು ಎಲ್ಲರನ್ನೂ ಒಂದೇ ಸುತ್ತಿನಲ್ಲಿ ಕೂರಿಸಿದೆ. ಇದನ್ನು ಕೇರಿಯ ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಕೇರಿಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುವುದು ನಮಗೆಲ್ಲ ಗೊತ್ತು. ಆದರೆ ಊರಿನ ಹೆಣ್ತನದಿಂದ ಅಳೆದರೆ ಸಾಕವ್ವ ‘ಗಂಡುಬೀರಿ’. ನಮ್ಮ ಅವ್ವಂದಿರಿಂದ ಅಳೆದರೆ ಆಕೆ ಮಾಮೂಲಿ ಹೆಂಗಸು. ಯಾವ ಅಳತೆ ಎತ್ತಿಕೊಳ್ಳುತ್ತೇವೆ ಎಂಬುದರಲ್ಲೇ ವಿಮರ್ಶೆಯ ಜಾತಿ ಗೊತ್ತಾಗುತ್ತದೆ.

ಈಗ ನಮ್ಮ ಕಡೆಗೇ ತಿರುಗೋಣ. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ (1938–1997) ಇದೇ ಹರಿಹರದಲ್ಲಿ ಹುಟ್ಟಿದವರು. ಅವರೂ ಅವರ ಸಂಗಾತಿಗಳೂ ಚಂದ್ರಗುತ್ತಿಯ ಬೆತ್ತಲೆ ಸೇವೆಯ ವಿರುದ್ಧ ನಿಂತರು. 1986ರ ಮಾರ್ಚ್‌ನಲ್ಲಿ ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಹಲ್ಲೆಯಾಯಿತು. ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಬಿಚ್ಚಿಸಿದರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಆ ಹೋರಾಟ ನ್ಯಾಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಹೋರಾಟಗಳಲ್ಲಿ ನಮ್ಮ ಬಾಯಿಗೆ ಸಲೀಸಾಗಿ ಬರುವ ಮಾತು ‘ನಮ್ಮ ಹೆಣ್ಣುಮಕ್ಕಳ ಮಾನ’. ಈ ಮಾನ ಎಂಬುದು ಊರಿನ ಪೆಟ್ಟಿಗೆಯಿಂದ ತಂದ ಪದ. ಅದರಲ್ಲಿ ಹೆಣ್ಣು ಗಂಡಸಿನ ಸ್ವತ್ತು. ಸ್ವತ್ತು ಕಾಯಲಾರದವನು ಗಂಡಸಲ್ಲ. ಆ ಹೆಂಗಸಿನ ಮೈ ಆಕೆಯದು, ಅದನ್ನು ಬೆತ್ತಲಾಗಿಸುವ ಹಕ್ಕು ದೇವಿಗೂ ಇಲ್ಲ, ಮುಚ್ಚಿಡುವ ಹಕ್ಕು ನಮಗೂ ಇಲ್ಲ ಎಂದು ನಾವು ಎಷ್ಟು ಸಭೆಗಳಲ್ಲಿ ಹೇಳಿದ್ದೇವೆ?

ಬಳೆಯ ವಿಚಾರವೂ ಇದೇ. ಅಧಿಕಾರಿ ಕೆಲಸ ಮಾಡದಿದ್ದರೆ ಅವನಿಗೆ ಬಳೆ, ಸೀರೆ, ಕುಂಕುಮ ಕೊಡುವ ಪ್ರತಿಭಟನೆ ನಮ್ಮ ಕಡೆ ಎಲ್ಲ ಸಂಘಟನೆಗಳಿಗೂ ರೂಢಿ. ‘ಬಳೆ ತೊಟ್ಕೋ ಹೋಗು’ ಅಂದರೆ ಜನ ಚಪ್ಪಾಳೆ ತಟ್ಟುತ್ತಾರೆ. ಯಾರ ಕೈಯ ಬಳೆ ಅದು? ಕೆಸರಲ್ಲಿ ಸಸಿ ಹಚ್ಚಿ ಆ ಕೂಲಿಯಲ್ಲಿ ಮಗನನ್ನು ಹಾಸ್ಟೆಲಿಗೆ ಕಳಿಸಿದ ಕೈಯ ಬಳೆ. ಆ ಮಗ ಕಾಲೇಜು ಓದಿ, ಮೈಕು ಹಿಡಿದು, ಅದೇ ಬಳೆಯನ್ನು ಕೈಲಾಗದವರ ಗುರುತು ಮಾಡುತ್ತಾನೆ. ಅವನವ್ವ ಸಭೆಯ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಾಳೆ.

ಓದಿ ನೌಕರಿ ಹಿಡಿದ ನಮ್ಮ ಮನೆಗಳಲ್ಲಿ ಇನ್ನೊಂದು ನಡೆಯುತ್ತಿದೆ. ಮನೆಯ ಹೆಣ್ಣು ಕೂಲಿಗೆ ಹೋಗಬೇಕಾಗಿಲ್ಲದಿರುವುದು ದೊಡ್ಡ ಗೆಲುವು, ಸರಿ. ಆದರೆ ಜೊತೆಗೆ ಅವಳ ದೊಡ್ಡ ದನಿಯೂ ಬೇಡವಾಗುತ್ತದೆ. ಗಂಡ ಸತ್ತವಳಿಗೆ ಮತ್ತೊಂದು ಬದುಕು ಕೊಡುತ್ತಿದ್ದ ಸೀರುಡಿಕೆಯನ್ನು ಹೇಳಿಕೊಳ್ಳಲು ನಾಚಿಕೆಪಡುತ್ತೇವೆ. ಮೇಲ್ಜಾತಿಯವರು ವಿಧವೆಯ ತಲೆ ಬೋಳಿಸುತ್ತಿದ್ದ ಕಾಲದಲ್ಲೂ ನಮ್ಮವರು ಆಕೆಗೆ ಸೀರೆ ಉಡಿಸುತ್ತಿದ್ದರು. ನಾಚಬೇಕಾದವರು ಯಾರು?

ಅಂಬೇಡ್ಕರ್ 1927ರಲ್ಲಿ ಮಹಾಡದಲ್ಲಿ ಹೆಂಗಸರಿಗೆ ಸೀರೆ ಉಡುವ ರೀತಿ ಬದಲಿಸಲು ಹೇಳಿದ್ದು ಅವರನ್ನು ಹೊಸಿಲೊಳಗೆ ಕಳಿಸಲು ಅಲ್ಲ. ಬಟ್ಟೆ ನೋಡಿ ಜಾತಿ ಗುರುತಿಸುವುದನ್ನು ತಪ್ಪಿಸಲು ಹೇಳಿದರು. ಹೇಳಿದ್ದು ಬಯಲಿನಲ್ಲಿ, ಸತ್ಯಾಗ್ರಹಕ್ಕೆ ಬಂದ ಹೆಂಗಸರಿಗೆ. 1942ರಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಸಮುದಾಯದ ಏಳಿಗೆಯನ್ನು ಅದರ ಹೆಂಗಸರ ಏಳಿಗೆಯಿಂದ ಅಳೆಯುತ್ತೇನೆ ಎಂಬ ಅರ್ಥದ ಮಾತಾಡಿದರು. ಅಳತೆಗೋಲು ನಮಗೆ ಬಾಬಾಸಾಹೇಬರಿಂದಲೇ ಸಿಕ್ಕಿದೆ. ಊರಿನಿಂದ ಸಾಲ ತರಬೇಕಾಗಿಲ್ಲ.

ಆದ್ದರಿಂದ ದಲಿತ ವಿಮರ್ಶೆ ಕೃತಿಯೊಂದನ್ನು ಎತ್ತಿಕೊಂಡಾಗ ಅಲ್ಲಿ ಜಾತಿ ಹೇಗೆ ಬಂದಿದೆ ಎಂದು ಕೇಳಿದರೆ ಸಾಲದು. ಗಂಡಸಾಗುವುದು ಎಂದರೆ ಇಲ್ಲಿ ಏನು, ಅದಕ್ಕೆ ಯಾವ ಹೆಣ್ಣಿನ ಬಾಯಿ ಮುಚ್ಚಿಸಲಾಗಿದೆ ಎಂದೂ ಕೇಳಬೇಕು. ಈ ಪ್ರಶ್ನೆಗೆ ಮೇಲ್ಜಾತಿ ಲೇಖಕರನ್ನು ಒಡ್ಡುವಷ್ಟೇ ನಮ್ಮ ಹಾಡು, ಕಥೆ, ಆತ್ಮಕಥೆ, ಭಾಷಣಗಳನ್ನೂ ಒಡ್ಡಬೇಕು. ಇದು ಚಳವಳಿಯನ್ನು ಒಡೆಯುವ ಮಾತು ಎನ್ನುವವರಿದ್ದಾರೆ. ಅವರಿಗೆ ಒಂದೇ ಉತ್ತರ: ಹೆಣ್ಣಾಳು ಹತ್ತು, ಗಂಡಾಳು ಎರಡು. ನಾಟಿಯ ಗದ್ದೆಯಲ್ಲಿ ನಮ್ಮ ಜನ ಎಂದರೆ ಹೆಚ್ಚಾಗಿ ಆ ಹತ್ತು ಮಂದಿಯೇ.

ಬರಹಕ್ಕಿಂತ ಮೊದಲು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಮುಂದಿನ ಸಭೆಯನ್ನು ನಾಟಿ ಮುಗಿಸಿ, ಮೈ ತೊಳೆದು, ಒಲೆ ಆರಿಸಿದವರು ಬರಬಹುದಾದ ಹೊತ್ತಿಗೆ ಇಡೋಣ. ಮೈಕನ್ನು ಮೊದಲು ಅವರಿಗೇ ಕೊಡೋಣ.