ಅಜಿತಪುರಾಣದಲ್ಲಿ ಶ್ರಾವಿಕೆಯ ಸ್ಥಾನ

ಕವಿರತ್ನ ರನ್ನನು ಮುಧೋಳದವನೆಂಬುದು ಸರ್ವವಿದಿತವಾದ ಸಂಗತಿ. ಜಂಬುಖಂಡಿ ಎಂದು ಅವನ ಕಾಲದಲ್ಲಿ ಹೆಸರಾಗಿದ್ದ ಊರೇ ಇಂದಿನ ಜಮಖಂಡಿ. ಈ ಸೀಮೆಯ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ಕವಿಯು, 993ರಲ್ಲಿ ರಚಿಸಿದ ಅಜಿತಪುರಾಣಕ್ಕೆ ಅರಸನೊಬ್ಬನನ್ನಲ್ಲದೆ ಅತ್ತಿಮಬ್ಬೆಯೆಂಬ ಶ್ರಾವಿಕೆಯನ್ನು ಆಶ್ರಯದಾತೆಯನ್ನಾಗಿ ಪಡೆದನು. ಈ ಸಂಗತಿಯನ್ನು ನಮ್ಮ ಸಾಹಿತ್ಯಚರಿತ್ರೆಗಳು ತಪ್ಪದೆ ಹೇಳುತ್ತವೆ. ಆದರೆ ಅದರ ಅರ್ಥವನ್ನು ವಿಚಾರಿಸದೆ ಮುಂದೆ ಸಾಗುತ್ತವೆ. ಪರಮಪದವಿಯನ್ನು ಸ್ತ್ರೀಗೆ ನಿರಾಕರಿಸಿದ ಮತದಲ್ಲಿ ಸ್ತ್ರೀಯೊಬ್ಬಳಿಗೆ ಇಷ್ಟು ಉನ್ನತವಾದ ಸ್ಥಾನ ಹೇಗೆ ದೊರೆಯಿತು ಎಂಬುದೇ ನಾವು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ.

ಸ್ತ್ರೀಶರೀರದಿಂದ ನೇರವಾಗಿ ಮೋಕ್ಷ ಸಿದ್ಧಿಸದು ಎಂಬುದು ದಿಗಂಬರ ಸಿದ್ಧಾಂತ. ಅವಳು ಆರ್ಯಿಕೆಯಾಗಿ ವ್ರತಗಳನ್ನು ಕೈಕೊಳ್ಳಬಹುದು. ನಿರ್ಗ್ರಂಥ ಮುನಿಯ ಪದವಿ ಮಾತ್ರ ಅವಳಿಗಿಲ್ಲ. ಇದು ನಿರ್ವಿವಾದವಾದ ಮಾತಾಗಿರಲಿಲ್ಲ. ಕನ್ನಡನಾಡಿನಲ್ಲಿ ಪ್ರಬಲವಾಗಿದ್ದ ಯಾಪನೀಯರು ಸ್ತ್ರೀಮುಕ್ತಿಯನ್ನು ಒಪ್ಪಿದ್ದರು. ಒಂಬತ್ತನೆಯ ಶತಮಾನದ ಶಾಕಟಾಯನನು ಈ ಪಕ್ಷವನ್ನು ಸಮರ್ಥಿಸಿ ಪ್ರತ್ಯೇಕ ಗ್ರಂಥವನ್ನೇ ರಚಿಸಿದನು. ರನ್ನನು ಈ ವಾದಕ್ಕೆ ಇಳಿಯುವುದಿಲ್ಲ. ಆತನು ಹಿಡಿದದ್ದು ಕಾವ್ಯದ ಮಾರ್ಗ.

ಅತ್ತಿಮಬ್ಬೆಯೂ ಆಕೆಯ ತಂಗಿ ಗುಂಡಮಬ್ಬೆಯೂ ನಾಗದೇವನ ಪತ್ನಿಯರು. ಪತಿಯು ಮಡಿದಾಗ ಗುಂಡಮಬ್ಬೆ ಸಹಗಮನವನ್ನು ಮಾಡಿದಳು. ಅತ್ತಿಮಬ್ಬೆ ಮಗನನ್ನು ಸಲಹುತ್ತ, ವ್ರತದಿಂದ ದೇಹವನ್ನು ದಂಡಿಸುತ್ತ ಬದುಕಿದಳು. ಸಹಗಮನವು ಹೊಗಳಿಕೆಗೆ ಪಾತ್ರವಾಗಿದ್ದ ಆ ಯುಗದಲ್ಲಿ ಬದುಕಿ ಉಳಿದವಳನ್ನೇ ಕವಿಯು ಕಾವ್ಯದ ಮುನ್ನೆಲೆಗೆ ತಂದಿರುವುದು ಗಮನಾರ್ಹ. ಆಕೆಯ ಚರಿತ್ರೆಯ ಪಾವಿತ್ರ್ಯಕ್ಕೆ ಆತನು ಕೊಡುವ ಹೋಲಿಕೆಗಳನ್ನು ನೋಡಬೇಕು. ಬಿಳಿಯ ಅರಳೆ, ಗಂಗಾಜಲ, ಮುನಿಯ ಗುಣಾವಳಿ, ಕೊಪಣದ ಬೆಟ್ಟ, ಇವು ಒಂದೇ ಸಾಲಿನಲ್ಲಿ ಬರುತ್ತವೆ. ಅರಳೆ ಎರೆಯ ನೆಲದ ನಿತ್ಯದ ವಸ್ತು. ಕೊಪಣ ಜೈನರ ಮಹಾತೀರ್ಥ. ಶಾಸ್ತ್ರವು ಮುನಿಪದವಿಯನ್ನು ಕೊಡದ ಸ್ತ್ರೀಯನ್ನು ಕವಿಯು ಉಪಮೆಯ ಬಲದಿಂದ ಮುನಿಯ ಪಕ್ಕದಲ್ಲಿ ಕುಳ್ಳಿರಿಸಿದ್ದಾನೆ. ಇದನ್ನು ಬರಿಯ ಸ್ತುತಿಯೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಈ ಸ್ಥಾನಕ್ಕೆ ಆಧಾರವಾದುದು ದಾನ. ಆಕೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದೂ 1500 ಜಿನಪ್ರತಿಮೆಗಳನ್ನು ಮಾಡಿಸಿ ಕೊಟ್ಟಳೆಂದೂ ಪ್ರಸಿದ್ಧಿಯಿದೆ. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿಗೆ 1007ರ ಶಾಸನ ಸಾಕ್ಷಿ. ಇವುಗಳಲ್ಲಿ ಪ್ರತಿಗಳ ಕಾರ್ಯವೇ ನಮಗೆ ಮಿಗಿಲಾಗಿ ತೋರುತ್ತದೆ. ಓಲೆಗರಿಯ ಕಾಲದಲ್ಲಿ ಗ್ರಂಥವು ಉಳಿಯಬೇಕಾದರೆ ಮತ್ತೆ ಮತ್ತೆ ಬರೆಯಿಸುವವರು ಬೇಕು. ಯಾವ ಗ್ರಂಥ ಹರಡಬೇಕೆಂಬುದನ್ನು ಇಲ್ಲಿ ನಿಶ್ಚಯಿಸಿದವಳು ಒಬ್ಬ ಗೃಹಿಣಿ. ಉಪದೇಶದ ಪೀಠವಿಲ್ಲದಿದ್ದರೂ ಉಪದೇಶದ ಪ್ರಸಾರ ಆಕೆಯ ಕೈಯಲ್ಲಿತ್ತು.

ದೂರದ ಒಂದು ನಿದರ್ಶನವನ್ನು ಇದರೊಡನೆ ಇಟ್ಟು ನೋಡಬಹುದು. ಅಮೆರಿಕದಲ್ಲಿ 1830ರಲ್ಲಿ ಸ್ಥಾಪಿತವಾದ ಮಾರ್ಮನ್ ಪಂಥದಲ್ಲಿ ಪೌರೋಹಿತ್ಯವು ಪುರುಷರಿಗೆ ಮೀಸಲು. ಇಂದಿಗೂ ಈ ನಿಯಮ ಬದಲಾಗಿಲ್ಲ. ಆದರೂ 1842ರಲ್ಲಿ ನಾವೂ ಎಂಬ ಪಟ್ಟಣದಲ್ಲಿ ಆ ಪಂಥದ ಸ್ತ್ರೀಯರು ರಿಲೀಫ್ ಸೊಸೈಟಿ ಎಂಬ ಸಂಘವನ್ನು ಕಟ್ಟಿದರು. ಮುಂದೆ ಯೂಟಾ ಪ್ರಾಂತದಲ್ಲಿ ಧಾನ್ಯಸಂಗ್ರಹಕ್ಕೆ ಕೈಯಿಕ್ಕಿದರು. 1872ರಿಂದ 1914ರವರೆಗೆ ‘ವುಮನ್ಸ್ ಎಕ್ಸ್‌ಪೊನೆಂಟ್’ ಪತ್ರಿಕೆಯನ್ನು ನಡೆಸಿದರು. ಕಾಲದೇಶಗಳು ಬೇರೆ, ತತ್ತ್ವಗಳೂ ಬೇರೆ. ಪೀಠವು ಮುಚ್ಚಿದಲ್ಲಿ ದಾನವೂ ಅಕ್ಷರವೂ ಸ್ತ್ರೀಯರಿಗೆ ದಾರಿಯಾದುದು ಮಾತ್ರ ಸಮಾನ. ಅಲ್ಲಿ ಒಂದು ಸಂಘ ಮಾಡಿದುದನ್ನು ಇಲ್ಲಿ ಒಬ್ಬಳು ಮಾಡಿದಳೆಂಬ ಭೇದವನ್ನೂ ಮರೆಯಲಾಗದು.

ಈ ಭೇದದಲ್ಲಿಯೇ ರನ್ನನ ಚಿತ್ರದ ಮಿತಿಯೂ ಅಡಗಿದೆ. ಅತ್ತಿಮಬ್ಬೆ ದಂಡನಾಯಕ ಮಲ್ಲಪಯ್ಯನ ಮಗಳು, ಮಂತ್ರಿ ದಲ್ಲಪನ ಸೊಸೆ. ದಾನದ ಬಾಗಿಲು ತೆರೆದಿದ್ದುದು ಸಂಪತ್ತುಳ್ಳವರಿಗೆ. ಕವಿಯ ತಾಯಿ ಅಬ್ಬಲಬ್ಬೆಯೂ ಶ್ರಾವಿಕೆಯೇ. ಬಳೆಯ ಮಲಾರ ಹೊತ್ತ ಮನೆತನದ ಆಕೆಯ ಭಕ್ತಿಗೆ ಕಾವ್ಯದಲ್ಲಿ ಅಂಥ ವಿಸ್ತಾರ ದೊರೆತಿಲ್ಲ. ರನ್ನನು ತನ್ನ ಮಗಳಿಗೆ ಅತ್ತಿಮಬ್ಬೆಯೆಂದು ಹೆಸರಿಟ್ಟನು. ಆ ಹೆಸರಿನಲ್ಲಿ ಕೃತಜ್ಞತೆಯಿದೆ, ಆದರ್ಶವೂ ಇದೆ. ಆದರೆ ಬಡವರ ಮನೆಯ ಮಗಳು ಆ ಆದರ್ಶವನ್ನು ಯಾವ ಹಾದಿಯಿಂದ ಮುಟ್ಟಬೇಕೆಂಬುದಕ್ಕೆ ಕಾವ್ಯದಲ್ಲಿ ಉತ್ತರವಿಲ್ಲ.

ಆದಕಾರಣ ‘ದಾನಚಿಂತಾಮಣಿ’ ಎಂಬ ಬಿರುದನ್ನು ಎರಡು ಬಗೆಯಾಗಿ ಓದಬೇಕು. ಅದು ಗೌರವ, ಅದೇ ಒಂದು ಎಲ್ಲೆಯೂ ಹೌದು. ಗೌರವವನ್ನು ಮಾತ್ರ ಕಂಡವರು ಆ ಮತದಲ್ಲಿ ಸ್ತ್ರೀಗೆ ಸಮಾನತೆಯಿತ್ತೆಂದು ಹೇಳಿ ತೃಪ್ತರಾಗುವರು. ಎಲ್ಲೆಯನ್ನು ಮಾತ್ರ ಕಂಡವರು ಆಕೆಯ ಕರ್ತೃತ್ವವನ್ನು ಕಾಣದೆ ಹೋಗುವರು. ನಮ್ಮ ವಿದ್ಯಾರ್ಥಿಗಳು ಅಜಿತಪುರಾಣದ ಪೀಠಿಕಾಭಾಗವನ್ನು ಕಥೆಗೆ ಮುಂಚಿನ ಔಪಚಾರಿಕ ಪ್ರಶಂಸೆಯೆಂದು ದಾಟಿ ಹೋಗಬಾರದು. ತೀರ್ಥಂಕರನ ವೈರಾಗ್ಯದ ಕಥೆಗೆ, ಗೃಹದಲ್ಲಿದ್ದೇ ವೈರಾಗ್ಯವನ್ನು ಸಾಧಿಸಿದ ಸ್ತ್ರೀಯೊಬ್ಬಳ ಕಥೆಯನ್ನು ಕವಿಯು ಬಾಗಿಲಾಗಿ ಇಟ್ಟಿದ್ದಾನೆ. ಆ ಬಾಗಿಲಿನಿಂದ ಒಳಹೊಕ್ಕರೆ ಪುರಾಣದ ಅರ್ಥವೇ ಬೇರೆಯಾಗಿ ತೋರೀತು.