ಕಂಸದೊಳಗಿನ ಎರಡು ಸೊನ್ನೆ

ಕರ್ನಲ್ ಅಪ್‌ಗ್ರೇಡ್ ಕೈಕೊಟ್ಟಾಗ ‘ಗ್ರಬ್ ಮೆನುವಿನಲ್ಲಿ ಹಳೇ ಕರ್ನಲ್ ಆರಿಸಿಕೊಳ್ಳಿ’ ಎಂಬ ಸಲಹೆಗೆ ನಮ್ಮಲ್ಲಿ ರಾಮಬಾಣದ ಪಟ್ಟ ಸಿಕ್ಕಿದೆ. ಆ ಪಟ್ಟಕ್ಕೆ ಅದು ಅರ್ಹವಲ್ಲ. ಯಂತ್ರ ಏಳುತ್ತದೆ, ನಿಜ; ಕೆಟ್ಟದ್ದೇನೆಂದು ಮಾತ್ರ ತಿಳಿಯುವುದಿಲ್ಲ. ಹೊಸ ಕರ್ನಲ್ ತಂದಿದ್ದ ಭದ್ರತಾ ತಿದ್ದುಪಡಿಗಳೂ ಹೊರಗುಳಿಯುತ್ತವೆ.

ಬೆಂಗಳೂರು ಗ್ರಾಮಾಂತರದ ಸರ್ಕಾರಿ ಪ್ರೌಢಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತು ಹೇಳುತ್ತಿದ್ದೇನೆ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಜೊತೆಗೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳು ರಾಜ್ಯದ ಮೇಷ್ಟರುಗಳ ಕೈಗೆ ಉಬುಂಟು ಕೊಟ್ಟವು. ದೊಡ್ಡಬಳ್ಳಾಪುರದಲ್ಲೋ ಹೊಸಕೋಟೆಯಲ್ಲೋ ಶಾಲೆಯ ಲ್ಯಾಬಿನಲ್ಲಿ ಅಪ್‌ಡೇಟ್ ನಡೆಯುವಾಗಲೇ ಕರೆಂಟ್ ಹೋದರೆ, ಇಲ್ಲವೇ ಪ್ರತ್ಯೇಕವಾಗಿಟ್ಟ ಸಣ್ಣ ಬೂಟ್ ವಿಭಾಗ ಹಳೇ ಕರ್ನಲ್‌ಗಳಿಂದ ತುಂಬಿಹೋದರೆ, ಹೊಸ ಕರ್ನಲ್ ಬಂದು ಕೂರುತ್ತದೆ. ಬೂಟ್ ಆಗುವಾಗ ರೂಟ್ ಕಡತವ್ಯವಸ್ಥೆಯನ್ನು ತೆರೆಯಲು ಅದಕ್ಕೆ ನೆರವಾಗುವ ಕಡತ, ಅಂದರೆ ಇನಿಟ್‌ರಾಮ್‌ಎಫ್‌ಎಸ್, ಸಿದ್ಧವಾಗಿರುವುದಿಲ್ಲ. ಆಗ ಕಪ್ಪು ಪರದೆಯ ಮೇಲೆ ಈ ಸಾಲು ನಿಲ್ಲುತ್ತದೆ: ‘ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)’.

ಇದನ್ನು ಅರ್ಥವಿಲ್ಲದ ಗದ್ದಲವೆಂದು ತಳ್ಳಿಹಾಕುವವರೇ ಹೆಚ್ಚು. ನನ್ನ ಮಟ್ಟಿಗೆ ಇಷ್ಟು ಬಿಗಿಯಾದ ಗದ್ಯ ಅಪರೂಪ. ಕಂಸದೊಳಗಿನ ಮೊದಲ ಅಂಕಿ ಸಾಧನದ ಜಾತಿ, ಎರಡನೆಯದು ಆ ಜಾತಿಯೊಳಗಿನ ಕ್ರಮಸಂಖ್ಯೆ. (8,1) ಎಂದಿದ್ದರೆ ಎಸ್‌ಡಿಎ ಡಿಸ್ಕಿನ ಮೊದಲ ವಿಭಾಗ ಎಂದರ್ಥ. ಡಿಸ್ಕ್ ಸಿಕ್ಕಿದೆ, ಅದರ ಕಡತವ್ಯವಸ್ಥೆ ತೆರೆಯುತ್ತಿಲ್ಲ. (0,0) ಎಂದರೆ ರೂಟ್ ಯಾವ ಸಾಧನದಲ್ಲಿದೆ ಎಂಬುದೇ ಗೊತ್ತಾಗಿಲ್ಲ. ಡಿಸ್ಕ್ ಸರಿಯಾಗಿದ್ದರೂ ಹೀಗಾಗಲು ಕಾರಣವಿದೆ. ಉಬುಂಟುವಿನಲ್ಲಿ ಗ್ರಬ್ ಸಾಮಾನ್ಯವಾಗಿ ರೂಟ್‌ನ ವಿಳಾಸವನ್ನು ಕಡತವ್ಯವಸ್ಥೆಯ ಯುಯುಐಡಿ ರೂಪದಲ್ಲಿ ಕೊಡುತ್ತದೆ. ಆ ವಿಳಾಸವನ್ನು ಕರ್ನಲ್ ತಾನಾಗಿ ಬಿಡಿಸಲಾರದು; ಬಿಡಿಸಿಕೊಡುವುದು ಇನಿಟ್‌ರಾಮ್‌ಎಫ್‌ಎಸ್‌ನ ಕೆಲಸ. ಎರಡು ಸೊನ್ನೆ ಕಂಡಾಗ ಮೊದಲು ಅನುಮಾನಪಡಬೇಕಾದದ್ದು ಇದನ್ನೇ.

‘ಮೊದಲು ಲಾಗ್ ನೋಡಿ’ ಎನ್ನುವ ಪಂಡಿತರೊಂದಿಗೂ ನನ್ನ ತಕರಾರಿದೆ. ರೂಟ್ ತೆರೆದೇ ಇಲ್ಲದಿರುವಾಗ ಡಿಸ್ಕಿಗೆ ಲಾಗ್ ಬರೆಯುವವರು ಯಾರು? ಇರುವ ಸಾಕ್ಷಿ ಪರದೆಯೊಂದೇ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಬೇಕು. ಇನ್ನು ‘ಫಾರ್ಮ್ಯಾಟ್ ಹೊಡೆದುಬಿಡಿ’ ಎನ್ನುವ ರಿಪೇರಿ ಪರಂಪರೆ ಅಕ್ಷಮ್ಯ. ಸಣ್ಣದೊಂದು ಕಡತ ಇಲ್ಲವೆಂದು ಮೇಷ್ಟರು ವರ್ಷಗಟ್ಟಲೆ ಮಾಡಿಟ್ಟ ಪಾಠಗಳನ್ನು ಅಳಿಸುವುದೆಂದರೇನು?

ಹಳೇ ಕರ್ನಲ್‌ಗೆ ಸಲ್ಲಬೇಕಾದ ಗೌರವವೂ ಇದೆ: ರಿಪೇರಿಗೆ ಒಳಗೆ ಬಿಡುವ ಬಾಗಿಲು ಅದೇ. ಒಳಗೆ ಹೋದವರು ಬೂಟ್ ವಿಭಾಗದಲ್ಲಿ ಜಾಗ ನೋಡಬೇಕು, ಬೇಡದ ಕರ್ನಲ್ ತೆಗೆಯಬೇಕು, ಅರ್ಧಕ್ಕೆ ನಿಂತ ಡಿಪಿಕೆಜಿ ಕೆಲಸ ಮುಗಿಸಬೇಕು. ಇಲ್ಲಿಯೂ ಪ್ರಚಲಿತ ಕೈಪಿಡಿಗಳು ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್’ ಆಜ್ಞೆಗೆ ‘-ಯು’ ಸೇರಿಸಿ ಕೈತೊಳೆದುಕೊಳ್ಳುತ್ತವೆ. ‘-ಯು’ ಇರುವುದನ್ನು ನವೀಕರಿಸುತ್ತದೆ. ಇಲ್ಲದ್ದನ್ನು ಕಟ್ಟಲು ‘-ಸಿ’ ಬೇಕು, ಜೊತೆಗೆ ‘-ಕೆ’ ಹಾಕಿ ಹೊಸ ಕರ್ನಲ್‌ನ ಆವೃತ್ತಿಯನ್ನು ಹೆಸರಿಸಬೇಕು, ಆಮೇಲೆ ‘ಅಪ್‌ಡೇಟ್-ಗ್ರಬ್’.