‘ವೇಗ’ ಶಬ್ದವೂ ಗತಿಶಾಸ್ತ್ರದ ಮೂಲಭಾವನೆಗಳೂ

ನ್ಯೂಟನ್ನನ ಚಲನನಿಯಮಗಳು ವೈಶೇಷಿಕ ದರ್ಶನದಲ್ಲಿ ಮೊದಲೇ ಉಕ್ತವಾಗಿವೆಯೆಂಬ ಅಭಿಪ್ರಾಯವು ವಿದ್ಯಾರ್ಥಿಗಳಲ್ಲಿಯೂ ಕೆಲವು ಅಧ್ಯಾಪಕರಲ್ಲಿಯೂ ಪ್ರಚಾರದಲ್ಲಿದೆ. ಇದಕ್ಕೆ ಮುಖ್ಯ ಆಧಾರ ‘ವೇಗ’ವೆಂಬ ಒಂದು ಶಬ್ದ. ಆದಕಾರಣ ಆ ಶಬ್ದದ ಅರ್ಥವನ್ನು ಪರಿಶೀಲಿಸುವುದು ಯುಕ್ತ.

ಇಂದಿನ ಭೌತಶಾಸ್ತ್ರದ ಪಾಠಗಳಲ್ಲಿ ವೇಗವೆಂದರೆ ನಿರ್ದಿಷ್ಟ ದಿಕ್ಕಿನಲ್ಲಿ ಸ್ಥಾನವು ಬದಲಾಗುವ ದರ. ಅದು ಚಲನೆಯ ಪರಿಮಾಣ, ಕಾರಣವಲ್ಲ. ಕ್ರಿ.ಶ. 6ನೆಯ ಶತಮಾನದ ಸುಮಾರಿನ ಪ್ರಶಸ್ತಪಾದನಲ್ಲಿಯಾದರೋ ವೇಗವು ಸಂಸ್ಕಾರವೆಂಬ ಗುಣದ ಒಂದು ಭೇದ. ಬಿಲ್ಲಿನ ಹೆದೆಯ ನೋದನದಿಂದ ಬಾಣದಲ್ಲಿ ಮೊದಲ ಕರ್ಮ ಹುಟ್ಟುತ್ತದೆ; ಆ ಕರ್ಮದಿಂದ ವೇಗ; ಮುಂದಿನ ಕರ್ಮಗಳೆಲ್ಲವೂ ವೇಗದಿಂದ. ವೇಗವು ನಶಿಸಿದ ಬಳಿಕ ಗುರುತ್ವದಿಂದ ಬಾಣವು ಬೀಳುತ್ತದೆ. ಇಲ್ಲಿ ವೇಗವು ಚಲನೆಯನ್ನು ಮುಂದುವರಿಸುವ ಕಾರಣ.

ಈ ವಿಚಾರದ ಹಿಂದೆ ಸೂಕ್ಷ್ಮವಾದ ಲೋಕಾನುಭವವಿದೆ. ಶಾಸನಗಳಲ್ಲಿ ಕೋಗಳಿ ಐನೂರು ಎಂದು ಹೆಸರಾದ ನಾಡಿನ ಕೊಟ್ಟೂರಿನಲ್ಲಿ ಕೊಟ್ಟೂರೇಶ್ವರನ ತೇರನ್ನು ಜನರು ಹಗ್ಗ ಹಿಡಿದು ಎಳೆಯುತ್ತಾರೆ. ಎಳೆತ ನಿಂತರೆ ಇಂಥ ತೇರು ಬೇಗನೆ ನಿಲ್ಲುತ್ತದೆ. ಆದುದರಿಂದ ಚಲನೆಗೆ ಚಾಲಕನು ಸದಾ ಬೇಕೆಂಬ ಅರಿಸ್ಟಾಟಲನ ಮತವೇ ಸರಿಯೆಂದು ತೋರೀತು. ಆದರೆ ಹಗ್ಗ ಸಡಿಲವಾದ ಕ್ಷಣದಲ್ಲಿಯೂ ತೇರು ಒಂದಿಷ್ಟು ಸಾಗುತ್ತದೆ. ಆ ಮುಂದುವರಿಕೆಗೆ ಕಾರಣವೇನೆಂಬ ಪ್ರಶ್ನೆಗೆ ಪ್ರಶಸ್ತಪಾದನ ಉತ್ತರ ವೇಗ. 14ನೆಯ ಶತಮಾನದ ಪ್ಯಾರಿಸಿನ ಬುರಿಡಾನನ ಉತ್ತರ ‘ಇಂಪೆಟಸ್’. ಬುರಿಡಾನನು ಅದನ್ನು ವಸ್ತುವಿನ ದ್ರವ್ಯಕ್ಕೂ ಶೀಘ್ರತೆಗೂ ಅನುಗುಣವೆಂದು ಹೇಳಿ, ಪ್ರತಿರೋಧವಿಲ್ಲದಿದ್ದರೆ ಅದು ಅಳಿಯದೆಂದೂ ಸೇರಿಸಿದನು.

17ನೆಯ ಶತಮಾನದ ಚಿಂತಕರು ಈ ಪ್ರಶ್ನೆಗೆ ಹೊಸ ಉತ್ತರವನ್ನು ಕೊಟ್ಟರೆನ್ನುವುದಕ್ಕಿಂತ ಪ್ರಶ್ನೆಯನ್ನೇ ಬದಲಿಸಿದರೆನ್ನಬೇಕು. ಗೆಲಿಲಿಯೋ ತನ್ನ 1638ರ ಗ್ರಂಥದಲ್ಲಿ ಘರ್ಷಣೆಯನ್ನು ವಿಚಾರದಿಂದ ತೆಗೆದುಹಾಕಿ, ಸಮತಲದ ಮೇಲೆ ಚಲನೆಯು ಏಕರೂಪವಾಗಿ ಸಾಗುವುದೆಂದು ತೋರಿಸಿದನು. ಡೆಕಾರ್ಟನು 1644ರಲ್ಲಿ ಅದು ಸರಳರೇಖೆಯಲ್ಲಿಯೇ ಎಂದು ನಿರ್ಧರಿಸಿದನು; ಆದರೆ ಅವನ ‘ಚಲನಪರಿಮಾಣ’ದಲ್ಲಿ ದಿಕ್ಕಿಗೆ ಸ್ಥಾನವಿರಲಿಲ್ಲವಾಗಿ ಸಂಘಾತನಿಯಮಗಳಲ್ಲಿ ಹೆಚ್ಚಿನವು ತಪ್ಪಾದವು. ಅವನ್ನು ಹೈಗೆನ್ಸನು ತಿದ್ದಿದನು. 1687ರಲ್ಲಿ ನ್ಯೂಟನ್ನನು ದ್ರವ್ಯರಾಶಿಯನ್ನು ತೂಕದಿಂದ ಬೇರ್ಪಡಿಸಿ, ಕಾರಣ ಬೇಕಾದುದು ಚಲನೆಗಲ್ಲ, ಚಲನೆಯ ಬದಲಾವಣೆಗೆ ಎಂದು ಸ್ಥಾಪಿಸಿದನು. ಆದರೂ ಹಳೆಯ ಭಾಷೆ ಒಮ್ಮೆಗೇ ಅಳಿಯಲಿಲ್ಲ: ಜಡತ್ವವನ್ನು ಅವನೂ ವಸ್ತುವಿನೊಳಗಿನ ‘ಬಲ’ವೆಂದೇ ಕರೆದನು. ಬಲವು ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧವೆಂಬ ಇಂದಿನ ರೂಪವು ಆಯ್ಲರನ 1750ರ ಲೇಖನದಲ್ಲಿ ಸಮೀಕರಣಗಳಾಗಿ ಸ್ಫುಟಗೊಂಡಿತು.

ಈಗ ನಿರ್ಣಯ ಸುಲಭ. ಪ್ರಶಸ್ತಪಾದನ ವೇಗವು ನ್ಯೂಟನ್ನನ ನಿಯಮವಲ್ಲ. ಏಕೆಂದರೆ ನ್ಯೂಟನ್ನನು ಅನಗತ್ಯವೆಂದು ಬಿಟ್ಟುದನ್ನೇ ಅದು ಒದಗಿಸುತ್ತದೆ. ಅದು ಬುರಿಡಾನನ ವಿಚಾರಕ್ಕೆ ಸಮೀಪವಾದುದು, ಮತ್ತು ಅವನಿಗಿಂತ ಸುಮಾರು ಎಂಟು ಶತಮಾನ ಹಿಂದಿನದು. ಈ ಗೌರವವು ಅಲ್ಪವಲ್ಲ; ಇದಕ್ಕೆ ಇಲ್ಲದುದನ್ನು ಆರೋಪಿಸಬೇಕಾಗಿಲ್ಲ. ಹಾಗೆ ಆರೋಪಿಸಿದರೆ ಪ್ರಾಚೀನನ ನಿಜವಾದ ಪ್ರಶ್ನೆಯೂ ಮರೆಯಾಗುತ್ತದೆ, ನವೀನರ ಶ್ರಮವೂ ಮರೆಯಾಗುತ್ತದೆ. ಕನ್ನಡದಲ್ಲಿ ವಿಜ್ಞಾನವನ್ನು ಬೋಧಿಸುವವರು ವೇಗ, ಸಂವೇಗ, ಬಲ ಎಂಬ ಶಬ್ದಗಳನ್ನು ಬಳಸುವಾಗ ಅವು ಯಾವ ಶಾಸ್ತ್ರದ ಅರ್ಥದಲ್ಲಿ ನಿಂತಿವೆಯೆಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಅವಶ್ಯಕ. ಶಬ್ದಸಾಮ್ಯವು ವಿಚಾರಸಾಮ್ಯಕ್ಕೆ ಪ್ರಮಾಣವಾಗಲಾರದು.